ಬೆರಳು ಹೋದ ಸುದ್ದಿ ಶೆಡ್ಡಿನಿಂದ ಆಚೆ ಬರಲಿ

ನಾನು ಇಂಗ್ಲೆಂಡಿನಲ್ಲಿ ಕಾರ್ಖಾನೆ ಕೆಲಸದಲ್ಲಿದ್ದೇನೆ. ಬೆಂಗಳೂರಿಗೆ ಬಂದಾಗಲೆಲ್ಲ ಪೀಣ್ಯದ ಗೆಳೆಯರು ಒಂದೇ ಮಾತು ಹೇಳುತ್ತಾರೆ: "ನಿಮ್ ಕಡೆ ಕಾನೂನು ಬಿಗಿ ಬಿಡಪ್ಪ."

ಕಾಗದದ ಮೇಲೆ ನೋಡಿದರೆ ಭಾರತದ್ದೇ ಬಿಗಿ. ಪೆಟ್ಟಾದವರು 48 ಗಂಟೆ ಕೆಲಸ ಮಾಡಲಾಗದಿದ್ದರೆ ಸಾಕು, ಕಾರ್ಖಾನೆ ಇಲಾಖೆಗೆ ತಿಳಿಸಲೇಬೇಕು. 1948ರ ಕಾರ್ಖಾನೆ ಕಾಯ್ದೆಯಲ್ಲೂ ಹೀಗೇ ಇತ್ತು, ಅದರ ಜಾಗಕ್ಕೆ ಬಂದ ಕೆಲಸದ ಸುರಕ್ಷತೆಯ 2020ರ ಸಂಹಿತೆಯಲ್ಲೂ ಇದೆ. ಕೆಲಸದ ಜಾಗದ ಅಪಘಾತ ತಿಳಿಸುವ ಬಗ್ಗೆ ಬ್ರಿಟನ್ನಿನಲ್ಲಿರುವ 2013ರ ರಿಡ್ಡರ್ ನಿಯಮದಲ್ಲಿ 7 ದಿನಕ್ಕಿಂತ ಜಾಸ್ತಿ ಕೆಲಸ ತಪ್ಪಿದರೆ ವರದಿ, ಅದಕ್ಕೂ 15 ದಿನ ಸಮಯ. ಸಾವಾದರೆ, ಬೆರಳು ತುಂಡಾದರೆ ಮಾತ್ರ ತಡ ಮಾಡುವಂತಿಲ್ಲ.

ವ್ಯತ್ಯಾಸ ಇರುವುದು ಪೆಟ್ಟಾದ ಮೇಲಿನ ನಡವಳಿಕೆಯಲ್ಲಿ. ವರದಿ ಮಾಡಿದರೆ ತಪ್ಪು ಒಪ್ಪಿಕೊಂಡ ಹಾಗಲ್ಲ ಅಂತ ಬ್ರಿಟನ್ನಿನ ಇಲಾಖೆಯೇ ಹೇಳುತ್ತದೆ. ಹಾಗಾಗಿ ಫಾರಂ ತುಂಬಲು ಹೆದರಿಕೆ ಕಡಿಮೆ. ಅಲ್ಲೂ ಮುಚ್ಚಿಡುವವರಿದ್ದಾರೆ, ವರದಿ ಆಗದ ಗಾಯಗಳು ತುಂಬಾ ಇವೆ ಅಂತ ಇಲಾಖೆಯೇ ಒಪ್ಪುತ್ತದೆ. ಅದಕ್ಕಾಗಿಯೇ ಅದು ಕೆಲಸಗಾರರನ್ನು ನೇರವಾಗಿ ಕೇಳಿ ಸಮೀಕ್ಷೆ ಮಾಡಿಸುತ್ತದೆ.

ಪೀಣ್ಯದ ಸಣ್ಣ ಶೆಡ್ಡಿನಲ್ಲಿ ಪವರ್ ಪ್ರೆಸ್ಸಿಗೆ ಬೆರಳು ಸಿಕ್ಕಿಕೊಂಡರೆ ಏನಾಗುತ್ತೆ? ಓನರ್ ಪಕ್ಕದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗುತ್ತಾರೆ. ಬಿಲ್ ಕಟ್ಟುತ್ತಾರೆ. ಕೈಗೆ ಒಂದಿಷ್ಟು ದುಡ್ಡು ಕೊಡುತ್ತಾರೆ. "ಒಳ್ಳೇ ಓನರ್" ಅಂತ ಎಲ್ಲರೂ ಹೇಳುತ್ತಾರೆ. ಅವರ ಕನಿಕರ ನಿಜವೇ ಇರಬಹುದು. ಆದರೆ ಪ್ರೆಸ್ಸಿಗೆ ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಇರಲಿಲ್ಲ ಎನ್ನುವ ವಿಷಯ ಎಲ್ಲೂ ದಾಖಲಾಗಲಿಲ್ಲ ಅಲ್ವಾ? ನಾಳೆ ಅದೇ ಮೆಷಿನ್ ಮುಂದೆ ಇನ್ನೊಬ್ಬ ಹುಡುಗ ಕೂರುತ್ತಾನೆ. ಇನ್ನು ಬೆರಳು ಕಳೆದುಕೊಂಡವನ ಗತಿ? ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐ ಇದ್ದರೆ ಶಾಶ್ವತ ಊನಕ್ಕೆ ಬದುಕಿರುವವರೆಗೆ ಹಣ ಬರುತ್ತದೆ. ಅಪಘಾತದ ವರದಿಯನ್ನೇ ಹಾಕದಿದ್ದರೆ ಅದನ್ನು ಪಡೆಯಲು ಅವನು ಅಲೆಯಬೇಕು. ಆವತ್ತು ಸಿಕ್ಕ ನೋಟುಗಳು ಎಷ್ಟು ದಿನ ಬಂದಾವು?

"ಅವನು ಕಂಟ್ರಾಕ್ಟ್ ಹುಡುಗ, ನಮ್ಮ ಲೆಕ್ಕಕ್ಕೆ ಬರಲ್ಲ" ಅಂತ ಓನರ್‌ಗಳು ಹೇಳುವುದನ್ನೂ ಕೇಳಿದ್ದೇನೆ. ಬರುತ್ತದೆ. ಕಂಟ್ರಾಕ್ಟರ್ ಮೂಲಕ ಬಂದವರನ್ನೂ ಕಾನೂನು ಕಾರ್ಮಿಕರೆಂದೇ ಎಣಿಸುತ್ತದೆ.

ಕಾಯಿಲೆಯದ್ದು ಇನ್ನೂ ಬೇಸರದ ಸಂಗತಿ. ಕಲ್ಲುಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್, ಸೀಸದ ವಿಷ, ಸದ್ದಿನಿಂದ ಬರುವ ಕಿವುಡು, ಇವೆಲ್ಲ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿವೆ. ಮಾಲೀಕರಷ್ಟೇ ಅಲ್ಲ, ನೋಡಿದ ಡಾಕ್ಟರ್ ಕೂಡ ತಿಳಿಸಬೇಕು. ಆದರೆ ಕೆಮ್ಮುತ್ತಾ ಬಂದವರನ್ನು "ಏನ್ ಕೆಲಸ ಮಾಡ್ತೀರಾ?" ಅಂತ ಎಷ್ಟು ಡಾಕ್ಟರುಗಳು ಕೇಳುತ್ತಾರೆ? ಸಿಲಿಕೋಸಿಸ್ಸನ್ನು ಟಿಬಿ ಅಂದುಕೊಂಡು ಮಾತ್ರೆ ಕೊಟ್ಟು ಕಳಿಸುವುದುಂಟು. ಮನುಷ್ಯ ಮತ್ತೆ ಅದೇ ಧೂಳಿಗೆ ಹೋಗುತ್ತಾನೆ.

ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿರುವ ಕಾರ್ಖಾನೆ ಇಲಾಖೆಯವರಿಗೆ ನನ್ನದೊಂದು ಬೇಡಿಕೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೂ ಪೀಣ್ಯದ ನರ್ಸಿಂಗ್ ಹೋಮ್‌ಗಳಿಗೂ ಬಂದ ಕೈಗಾಯಗಳ ಲೆಕ್ಕ ತರಿಸಿಕೊಳ್ಳಿ. ನಿಮಗೆ ಬಂದ ವರದಿಗಳ ಪಕ್ಕ ಇಟ್ಟು ನೋಡಿ. ಗಾಯ ಇದ್ದು ವರದಿ ಇಲ್ಲದ ಶೆಡ್ಡುಗಳಿಗೆ ಮೊದಲು ಹೋಗಿ.