ರೇಟು ಬಂದ್ರೂ ಸಾಲ ಯಾಕೆ ತೀರ್ತಿಲ್ಲ?

2024ರಲ್ಲಿ ರೋಬಸ್ಟಾ ಕಾಫಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) 50 ಕೆ.ಜಿ. ಚೀಲಕ್ಕೆ ಹತ್ತು ಸಾವಿರ ದಾಟಿದಾಗ ಕೊಡಗಲ್ಲಿ ಎಲ್ರ ಬಾಯಲ್ಲೂ ಒಂದೇ ಮಾತು, ಇನ್ನು ಸಾಲ ಎಲ್ಲಾ ಕ್ಲಿಯರ್ ಅಂತ. ಅದಕ್ಕೆ ಕೆಲವೇ ವರ್ಷ ಮುಂಚೆ ಇದೇ ಚೀಲನ ಮೂರು ಮೂರೂವರೆ ಸಾವಿರಕ್ಕೆ ಕೊಟ್ಟು ಬಂದವ್ರು ನಾವು. ಈಗ ಸುತ್ತಮುತ್ತ ನೋಡಿದ್ರೆ ಎಷ್ಟೋ ಮನೇಲಿ ಸಾಲ ಹಾಗೇ ಇದೆ, ಕೆಲವು ಕಡೆ ಜಾಸ್ತೀನೇ ಆಗಿದೆ. ಬೇಜಾರಾಗುತ್ತೆ, ಯಾಕಂದ್ರೆ ಇಂಥ ರೇಟು ಮತ್ತೆ ಯಾವಾಗ ಬರುತ್ತೋ ಯಾರಿಗೂ ಗೊತ್ತಿಲ್ಲ.

ನನ್ನ ಪ್ರಕಾರ ರೇಟು ನಮ್ಮ ಸಾಲ ತೀರಿಸಲ್ಲ. ಅದು ಬ್ರೆಜಿಲ್ ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟಾಗ ಏರುತ್ತೆ, ಅಲ್ಲಿ ಬೆಳೆ ಚೆನ್ನಾಗಿ ಬಂದಾಗ ಇಳಿಯುತ್ತೆ, ಲಂಡನ್ ಮಾರ್ಕೆಟ್‌ನೋರು ನಮ್ಮನ್ನ ಕೇಳಿ ರೇಟ್ ಮಾಡಲ್ಲ. ನಮ್ಮ ಕೈಲಿರೋದು ವರ್ಷಕ್ಕೊಂದ್ಸಲ ಬರೋ ದುಡ್ಡನ್ನ ಮನೇಲಿ ಹೇಗೆ ನಡೆಸ್ತೀವಿ ಅನ್ನೋದು ಮಾತ್ರ.

ನಮ್ಮ ಮಾವ ಹಳೇ ಪೂಲ್ ಕಾಲದ ಕತೆ ಆಗಾಗ ಹೇಳ್ತಾರೆ. ಈಗಿನ ಹುಡುಗರಿಗೆ ಗೊತ್ತಿರ್ಲಿಕ್ಕಿಲ್ಲ, ಎರಡನೇ ಮಹಾಯುದ್ಧದ ಕಾಲದಿಂದ ಬೆಳೆದ ಕಾಫಿನೆಲ್ಲ ಕಾಫಿ ಬೋರ್ಡಿನ ಪೂಲ್‌ಗೇ ಹಾಕ್ಬೇಕಿತ್ತು, ಬೋರ್ಡ್‌ನೋರು ಮಾರಿ ದುಡ್ಡನ್ನ ಕಂತು ಕಂತಾಗಿ ಕೊಡ್ತಿದ್ರು. 90ರ ದಶಕದಲ್ಲಿ ಅದು ಸಡಿಲ ಆಗ್ತಾ ಬಂದು 1996ರಲ್ಲಿ ಪೂರ್ತಿ ಹೋಯ್ತು. "ಬೋರ್ಡ್‌ನೋರಿಗೆ ಬೈಯದ ದಿನ ಇಲ್ಲಮ್ಮ, ಆದ್ರೆ ಜೋರು ಮಳೆಗಾಲದಲ್ಲೂ ಒಂದು ಕಂತು ಬರುತ್ತೆ ಅನ್ನೋ ಧೈರ್ಯ ಇತ್ತು" ಅಂತಾರೆ ಮಾವ. ಪೂಲ್ ವಾಪಸ್ ಬರ್ಲಿ ಅಂತ ನಾನು ಹೇಳ್ತಿಲ್ಲ, ಓಪನ್ ಮಾರ್ಕೆಟ್ ಬಂದಿದ್ದಕ್ಕೇ ಇವತ್ತು ಈ ರೇಟು ಸಿಕ್ಕಿರೋದು. ಆದ್ರೆ ಕಂತು ಹೋಗಿ ಇಡಿಗಂಟು ಬಂದಾಗ ಅದನ್ನ ವರ್ಷ ಪೂರ್ತಿ ಹಂಚಿಕೊಳ್ಳೋ ಅಭ್ಯಾಸ ನಮಗೆ ಯಾರೂ ಕಲಿಸ್ಲಿಲ್ಲ. ಮಾರ್ಚಲ್ಲಿ ಕೈ ತುಂಬ ಕಾಸು, ಏಪ್ರಿಲ್ ಮೇನಲ್ಲಿ ಮದುವೆ, ಜೂನಲ್ಲಿ ಮಕ್ಕಳ ಫೀಸು, ಗೊಬ್ಬರ, ಜುಲೈಗೆ ಕೈ ಖಾಲಿ.

ಆಮೇಲೇನು, ಮುಂಗಡ. ಮಳೆಗಾಲದಲ್ಲಿ ವ್ಯಾಪಾರಿ ಹತ್ರ ಹೋಗಿ ಬರೋ ಬೆಳೆ ಮೇಲೆ ದುಡ್ಡು ತಗೊಳ್ಳೋದು. "ಬಡ್ಡಿ ಇಲ್ಲ ಕಣ್ರೀ" ಅಂತಾರೆ ಎಲ್ರೂ. ಒಂದ್ಸಲ ಲೆಕ್ಕ ಹಾಕಿ ನೋಡಿ. ಜುಲೈನಲ್ಲಿ ಐವತ್ತು ಸಾವಿರ ತಗೊಂಡ್ರಿ ಅಂತಿಟ್ಕೊಳ್ಳಿ, ಜನವರೀಲಿ ನಲವತ್ತು ಚೀಲ ಅಲ್ಲೇ ಹಾಕ್ಬೇಕು, ಬೇರೆ ಕಡೆಗಿಂತ ಚೀಲಕ್ಕೆ ಮುನ್ನೂರು ಕಮ್ಮಿ ಕೊಟ್ರು. ಅಲ್ಲಿಗೆ ಹನ್ನೆರಡು ಸಾವಿರ ಹೋಯ್ತು. ಐವತ್ತು ಸಾವಿರಕ್ಕೆ ಆರು ತಿಂಗಳಿಗೆ ಹನ್ನೆರಡು ಸಾವಿರ ಅಂದ್ರೆ 24 ಪರ್ಸೆಂಟು, ವರ್ಷದ ಲೆಕ್ಕಕ್ಕೆ 48! ಇದು ಬಡ್ಡಿ ಇಲ್ಲದ ಸಾಲನಾ? ಅದರ ಮೇಲೆ ಔಟ್‌ಟರ್ನ್ (ಚೆರಿ ಸಿಪ್ಪೆ ತೆಗೆದ್ರೆ ಸಿಗೋ ಬೀಜದ ಪ್ರಮಾಣ) ಕಮ್ಮಿ, ತೇವ ಜಾಸ್ತಿ ಅಂದ್ರೂ ಬಾಯಿ ಬಿಡೋ ಹಾಗಿಲ್ಲ, ಮುಂಗಡ ತಗೊಂಡಿದ್ದೀವಲ್ಲ.

ಕೈಸಾಲದ್ದೂ ಹಾಗೇ. "ಮೂರು ರೂಪಾಯಿ ಬಡ್ಡಿ" ಅಂದ್ರೆ ಕೇಳೋಕೆ ಏನೂ ಅನ್ಸಲ್ಲ. ಲಕ್ಷಕ್ಕೆ ತಿಂಗಳಿಗೆ 3,000, ವರ್ಷಕ್ಕೆ 36,000. ಅದೇ ನಮ್ಮ ಸೊಸೈಟಿ ಬೆಳೆ ಸಾಲಕ್ಕೆ ಸರಿಯಾದ ಟೈಮಿಗೆ ಕಟ್ಟಿದ್ರೆ ಬಡ್ಡಿ ಸೊನ್ನೆ, 2023ರಲ್ಲಿ ಸರ್ಕಾರ ಅದರ ಮಿತಿನ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದೆ. ವಾಯಿದೆ ತಪ್ಪಿದ್ರೆ ಮಾತ್ರ ಆ ಸೌಲಭ್ಯ ಹೋಗುತ್ತೆ. ಎಷ್ಟೋ ಜನ ಮನೆ ಬಾಗಿಲಿಗೆ ಬಂದು ಕೇಳೋ ಕೈಸಾಲದವನಿಗೆ ಹೆದರಿ ಅವನಿಗೆ ಬರೀ ಬಡ್ಡಿ ಕಟ್ತಾ, ಅಸಲು ಹಾಗೇ ಬಿಟ್ಟು, ಸೊಸೈಟಿ ವಾಯಿದೆ ತಪ್ಪಿಸ್ಕೊಂಡು ಎರಡೂ ಕಡೆ ಕಳ್ಕೊಳ್ತಾರೆ.

ನಮ್ಮನೇಲಿ ಸಾಲ ಇಳಿಯೋಕೆ ಶುರುವಾಗಿದ್ದು ಒಂದು ರೂಲ್ಡ್ ನೋಟ್‌ಬುಕ್ಕಿಂದ. ಯಾರಿಗೆ ಕೊಡ್ಬೇಕು, ಎಷ್ಟು, ವರ್ಷಕ್ಕೆ ಎಷ್ಟು ಪರ್ಸೆಂಟು, ಯಾವಾಗ ವಾಯಿದೆ, ಇಷ್ಟೇ. ರೂಪಾಯಿ ಬಡ್ಡಿನೆಲ್ಲ ಪರ್ಸೆಂಟಿಗೆ ತಂದು ಜಾಸ್ತಿ ಇರೋದನ್ನ ಮೇಲೆ ಬರೆದ್ವಿ. ಮನೆಯವ್ರಿಗೆ ದೊಡ್ಡ ಮೊತ್ತದ ಬ್ಯಾಂಕ್ ಸಾಲದ್ದೇ ಚಿಂತೆ, ಅದು ಲಿಸ್ಟಲ್ಲಿ ಕೆಳಗೆ ಹೋಯ್ತು, ಯಾರೂ ಮಾತಾಡದ ಎರಡು ಕೈಸಾಲ, ಅಡವಿಟ್ಟ ಚಿನ್ನ, ಕ್ರೆಡಿಟ್ ಕಾರ್ಡು ಮೇಲೆ ಬಂದ್ವು. ಕಾರ್ಡಲ್ಲಿ ಮಿನಿಮಮ್ ಡ್ಯೂ ಅಷ್ಟೇ ಕಟ್ತಾ ಹೋದ್ರೆ ಎಷ್ಟೋ ಕಾರ್ಡಿಗೆ ವರ್ಷಕ್ಕೆ ನಲವತ್ತು ಪರ್ಸೆಂಟ್ ದಾಟುತ್ತೆ, ಇದು ಓದಿದ ಮಕ್ಕಳಿಗೂ ಗೊತ್ತಿಲ್ಲ. ಮೇಲಿಂದ ಒಂದೊಂದೇ ಮುಗಿಸ್ಕೊಂಡು ಬಂದ್ವಿ. ಜೊತೆಗೆ ಮಾವ ಹೇಳೋ ಪೂಲ್‌ನ ಮನೇಲೇ ಮಾಡ್ಕೊಂಡ್ವಿ ಅನ್ನಿ. ಒಣಗಿಸಿದ ಚೆರಿನ ಒಂದೇ ದಿನ ಮಾರಲ್ಲ. ಕೂಲಿ, ಸಾಲದ ಕಂತಿಗೆ ಬೇಕಾದಷ್ಟು ಮೊದಲು ಕೊಡ್ತೀವಿ, ಉಳಿದಿದ್ದು ಚೆನ್ನಾಗಿ ಒಣಗಿದ್ರೆ ಗೋಡೌನಲ್ಲಿ ಇರುತ್ತೆ, ತಿಂಗಳ ಖರ್ಚಿಗೆ ತಕ್ಕ ಹಾಗೆ ಸ್ವಲ್ಪ ಸ್ವಲ್ಪ ತೆಗೀತೀವಿ. ರೇಟು ಇಳಿದ್ರೆ ನಷ್ಟ ಅಂತ ಕೇಳೋರಿದ್ದಾರೆ, ಹೌದು ಇಳೀಬಹುದು, ಏರಲೂಬಹುದು, ಆದ್ರೆ ಆಗಸ್ಟಲ್ಲಿ ಮುಂಗಡಕ್ಕೆ ಕೈ ಚಾಚೋದು ತಪ್ಪಿತು. ಗೋಡೌನಲ್ಲಿ ಇಡೋದು ರೇಟಿನ ಆಸೆಗಲ್ಲ, ಇದನ್ನ ಮನಸ್ಸಲ್ಲಿ ಗಟ್ಟಿ ಮಾಡ್ಕೊಳ್ಳೋದೇ ಕಷ್ಟ. 36 ಪರ್ಸೆಂಟ್ ಸಾಲ ಇಟ್ಕೊಂಡು ಇನ್ನೂ ಏರ್ಲಿ ಅಂತ ಚೀಲ ಕಾಯೋದು ಮಾತ್ರ ಬೇಡವೇ ಬೇಡ.

ಇನ್ನು ನಂಬಿಕೆಗಳು. "ಸಾಲ ಇಲ್ಲದ ಪ್ಲಾಂಟರ್ ಯಾರಿದ್ದಾನೆ", "ತೋಟ ಇದೆಯಲ್ಲ", "ಸರ್ಕಾರ ಮನ್ನಾ ಮಾಡುತ್ತೆ ಬಿಡಿ". 2018ರ ಮನ್ನಾ ನೋಡಿದ್ದೀವಲ್ಲ, ಅದು ಬೆಳೆ ಸಾಲಕ್ಕೆ, ಅದಕ್ಕೂ ಮಿತಿ ಇತ್ತು. ಕಾರ್ ಲೋನು, ಕೈಸಾಲ, ಮದುವೆಗೆ ಮಾಡಿದ್ದು ಯಾವ ಸರ್ಕಾರನೂ ಮನ್ನಾ ಮಾಡಲ್ಲ. ಮದುವೆ ವಿಷಯ ಬರೆದ್ರೆ ಕೆಲವರಿಗೆ ಕೋಪ ಬರುತ್ತೆ, ಆದ್ರೂ ಬರೀತೀನಿ. ನಮ್ಮೂರಲ್ಲಿ ಊಟ ಚೆನ್ನಾಗಿ ಹಾಕ್ಬೇಕು, ನೆಂಟರನ್ನ ಬರಿಗೈಲಿ ಕಳಿಸಬಾರದು, ಅದರ ಮೇಲೆ ನಂಗೂ ಪ್ರೀತಿ ಇದೆ. ಹಾಲ್, ಡೆಕೊರೇಷನ್, ಡ್ರೋನ್ ಕ್ಯಾಮರಾ ಎಲ್ಲಾ ಸೇರಿ ಎರಡು ವರ್ಷದ ಬೆಳೆ ಹೋಗ್ಬೇಕಾ? ಮರ್ಯಾದೆ ಹೋಗುತ್ತೆ ಅಂತಾರೆ. ಅಡವಿಟ್ಟ ಚಿನ್ನ ಹರಾಜಿಗೆ ಬಂದಾಗ ಪೇಪರಲ್ಲಿ ಬರೋ ನೋಟಿಸು ಮರ್ಯಾದೆ ಕೊಡುತ್ತಾ?

ಒಂದು ಮಾತು ಸ್ಪಷ್ಟ ಮಾಡ್ಬೇಕು. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿ ತೋಟ ಮನೆ ಎಲ್ಲಾ ಕಳ್ಕೊಂಡವ್ರ ಸಾಲಕ್ಕೆ ಈ ಮಾತು ಅಲ್ಲ. ಆಸ್ಪತ್ರೆ ಖರ್ಚಿಗೆ ಸಾಲ ಮಾಡಿದವ್ರಿಗೂ ಅಲ್ಲ. ಲೈನ್‌ಮನೇಲಿ (ತೋಟದ ಕೆಲಸದವ್ರಿಗೆ ಕಟ್ಟಿಸಿದ ಸಾಲು ಮನೆ) ಇರೋ ಕೂಲಿಯವ್ರು ವಾರದ ಕಂತಿಗೆ ಸಿಕ್ಕಿ ಹಾಕ್ಕೊಂಡಿರೋದು ಬೇರೆಯದೇ ಕತೆ, ಅವ್ರಿಗೆ ಉಪದೇಶ ಮಾಡೋಕೆ ಮುಂಚೆ ನಾವು ಕೊಡೋ ಕೂಲಿ ನೋಡ್ಕೋಬೇಕು.

ನಾನು ಹೇಳ್ತಿರೋದು ಬೆಳೆ ಬರೋ, ರೇಟು ಸಿಕ್ಕ ಮನೆಗಳಿಗೆ. ಅದ್ರಲ್ಲೂ ಹೆಂಗಸರಿಗೆ. ಎಷ್ಟು ಮನೇಲಿ ಹೆಂಡ್ತಿ ಚಿನ್ನ ಅಡವಿಟ್ಟಿರುತ್ತೆ, ಬಡ್ಡಿ ಎಷ್ಟು ಅಂತ ಅವ್ಳಿಗೇ ಗೊತ್ತಿರಲ್ಲ. ಕೇಳಿ. ಜಗಳ ಮಾಡ್ಬೇಡಿ, ನೋಟ್‌ಬುಕ್ ಇಟ್ಕೊಂಡು ಕೇಳಿ. ಪಿಕಿಂಗ್ ಶುರುವಾದ್ಮೇಲೆ ಯಾರಿಗೂ ಪುರುಸೊತ್ತಿರಲ್ಲ, ಮಳೆ ಹಿಡಿದು ಎಲ್ರೂ ಮನೇಲಿರೋ ದಿನಾನೇ ಕೂತ್ಕೊಳ್ಳಿ, ದೊಡ್ಡ ಮಕ್ಕಳಿದ್ರೆ ಅವ್ರನ್ನೂ ಕೂರಿಸ್ಕೊಳ್ಳಿ. ಬಡ್ಡಿ ಲೆಕ್ಕ ಗೊತ್ತಾಗ್ಲಿಲ್ಲ ಅಂದ್ರೆ ಪರಿಚಯದವ್ರು ನಮ್ಮನೆಗೆ ಬನ್ನಿ, ಒಟ್ಟಿಗೆ ಕೂತು ಹಾಕೋಣ, ವಿಷಯ ಹೊರಗೆ ಹೋಗಲ್ಲ.