ಹನ್ನೊಂದು ಸಾಫ್ಟ್‌ವೇರ್, ಒಂದೂ ಊರಿಲ್ಲ

ಎಂಟು ವರ್ಷದಿಂದ ಅಕ್ಕನಿಗೆ ಗೌರಿ ಹಬ್ಬದ ದುಡ್ಡನ್ನು ಬ್ಯಾಂಕಿಗೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದವನು ನಾನು. ಈ ಸಲ ಕೈಯಾರೆ ಕೊಡೋಣ ಅಂತ ನೆದರ್‌ಲ್ಯಾಂಡ್ಸ್‌ನಿಂದ ಬೆಂಗಳೂರಿಗೆ ಬಂದೆ. ಉತ್ತರಹಳ್ಳಿಯ ಅವರ ಮನೆಯಲ್ಲಿ ಊಟ ಆಯಿತು. ಹೋಳಿಗೆಯ ಮಂಪರು ಹತ್ತುವ ಹೊತ್ತಿಗೆ ಅಕ್ಕನ ಮಗಳು ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. ಜಿಯೋಇನ್ಫರ್ಮ್ಯಾಟಿಕ್ಸ್, ಅಂದರೆ ಉಪಗ್ರಹದ ಚಿತ್ರ, ಕಂಪ್ಯೂಟರ್ ಇಟ್ಟುಕೊಂಡು ನಕ್ಷೆ ಮಾಡುವ ವಿದ್ಯೆ; ಅದರಲ್ಲಿ ಎಂಎಸ್ಸಿ ಮುಗಿಸಿ ಕೆಲಸ ಹುಡುಕುತ್ತಿದ್ದಾಳೆ.

"ಮಾಮ, ನೀನು ಇದೇ ಲೈನಲ್ಲಿ ಇದೀಯಲ್ಲ, ನನ್ನ ರೆಸ್ಯೂಮೆ ಸ್ವಲ್ಪ ನೋಡು."

ನೋಡಿದೆ. ಆರ್ಕ್‌ಜಿಐಎಸ್, ಕ್ಯೂಜಿಐಎಸ್, ಅರ್ಡಾಸ್, ಪೋಸ್ಟ್‌ಜಿಐಎಸ್, ಪೈಥಾನ್... ಒಟ್ಟು ಹನ್ನೊಂದು ಸಾಫ್ಟ್‌ವೇರ್ ಹೆಸರು. ಊರಿನ ಹೆಸರು ಒಂದೂ ಇಲ್ಲ. ಕೊನೆಯಲ್ಲಿ ಪ್ರಾಜೆಕ್ಟ್ ಬಗ್ಗೆ ಒಂದೇ ಒಂದು ಸಾಲು: ಭೂಬಳಕೆ ಬದಲಾವಣೆ, ದಕ್ಷಿಣ ಬೆಂಗಳೂರಿನ ಕೆರೆಗಳು.

ನಕ್ಷೆ ತೆಗೆಸಿದೆ. ಅವಳ ಮನೆಯಿಂದ ಇಪ್ಪತ್ತು ನಿಮಿಷ ನಡೆದರೆ ಸಿಗುವ ಕೆರೆಯೊಂದು ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಲವಾಗಿತ್ತು. ಉಪಗ್ರಹದ ಚಿತ್ರದಲ್ಲಿ ಹಸಿರು ಗಿಡವೆಲ್ಲ ಕೆಂಪಗೆ ಕಾಣುವ ಹಾಗೆ ಬಣ್ಣ ಕೊಡುತ್ತೇವೆ. ಎಲೆಗಳು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತವೆ, ಅದಕ್ಕೆ. ಕೆರೆ ತುಂಬ ಅಂತರಗಂಗೆ ಕಳೆ ಹಬ್ಬಿದ್ದರೆ ಅದೂ ಕೆಂಪೇ, ರಾಗಿ ಹೊಲವೂ ಕೆಂಪೇ. ಕಂಪ್ಯೂಟರು ಪಾಪ, ಹೊಲ ಅಂದುಕೊಂಡಿದೆ.

"ಹೋಗಿ ನೋಡಿದ್ಯಾ?" ಅಂದೆ.

"ಯಾಕೆ ಹೋಗ್ಬೇಕು? ಸೆಂಟಿನೆಲ್ ಸ್ಯಾಟಲೈಟ್ ಇಮೇಜ್ ಇದೆಯಲ್ಲ. ಹತ್ತು ಮೀಟರ್ ರೆಸಲ್ಯೂಶನ್." ಅಂದರೆ ಚಿತ್ರದ ಒಂದೊಂದು ಚುಕ್ಕಿ ನೆಲದ ಮೇಲೆ ಹತ್ತು ಮೀಟರ್ ಚೌಕ.

ಇಪ್ಪತ್ತು ನಿಮಿಷದ ದಾರಿ ಕಣಮ್ಮ, ಅಂತ ನಾನು ಶುರು ಮಾಡಿದೆ. ಅವಳು ಬಿಡಲಿಲ್ಲ. "ನೀನು ಮೂರು ವರ್ಷ ಅಮೆರಿಕಾದ ಕರೆಂಟ್ ಕಂಬ ಎಣಿಸಿದ್ಯಲ್ಲ ಮಾಮ, ನೀನು ಹೋಗಿ ನೋಡಿದ್ಯಾ?"

ಭಾವ ಪೇಪರ್ ಹಿಂದೆ ನಕ್ಕಿದ್ದು ಕೇಳಿಸಿತು.

ಅವಳು ಹೇಳಿದ್ದು ನಿಜ. ಡಿಗ್ರಿ ಮುಗಿಸಿ ನಾನು ಸೇರಿದ್ದು ಬೆಂಗಳೂರಿನ ಒಂದು ಮ್ಯಾಪಿಂಗ್ ಕಂಪನಿ. ಸೆಕೆಂಡ್ ಶಿಫ್ಟ್, ರಾತ್ರಿ ಕ್ಯಾಬ್. ಯಾವುದೋ ಅಮೆರಿಕನ್ ಕರೆಂಟ್ ಕಂಪನಿಯ ಹಳೇ ಡ್ರಾಯಿಂಗ್‌ಗಳನ್ನು ನೋಡಿಕೊಂಡು ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಗುರುತು ಹಾಕುವುದು. ದಿನಕ್ಕೆ ಇಷ್ಟು ಕಂಬ ಅಂತ ಟಾರ್ಗೆಟ್. ಕಂಬ ತಪ್ಪಿದರೆ, ತಪ್ಪು ಹುಡುಕುವ ಕ್ಯೂಸಿಯವರು ಕೆಂಪು ಗುಂಡು ಹಾಕಿ ವಾಪಸ್ ಕಳಿಸುತ್ತಿದ್ದರು. ಮಳೆ ಬಂದ ದಿನ ಆಫೀಸಿನ ಮುಂದೆಯೇ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು. ಆ ನೀರು ಯಾವ ರಾಜಕಾಲುವೆಗೆ ಹೋಗಬೇಕಿತ್ತು ಅಂತ ಒಳಗೆ ಕೂತ ನಕ್ಷೆ ಪಂಡಿತರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅಲ್ಲಿಂದ ಓದಲು ನೆದರ್‌ಲ್ಯಾಂಡ್ಸ್‌ನ ಎನ್‌ಸ್ಖೆಡೆಗೆ ಹೋದೆ. ಅಲ್ಲಿನ ಐಟಿಸಿ ಅನ್ನುವ ನಕ್ಷೆ ಶಾಲೆ ಈಗ ಟ್ವೆಂಟೆ ವಿಶ್ವವಿದ್ಯಾಲಯದ ಭಾಗ. 1950ರಲ್ಲಿ ಡೆಲ್ಫ್ಟ್‌ನಲ್ಲಿ ಶುರುವಾದದ್ದು. ಅದನ್ನು ಕಟ್ಟಿದ ಸ್ಖೆರ್ಮರ್‌ಹಾರ್ನ್, ವಿಮಾನದಿಂದ ತೆಗೆದ ಫೋಟೋದಲ್ಲಿ ನಕ್ಷೆ ಮಾಡುವ ವಿದ್ಯೆಯ ಪ್ರೊಫೆಸರ್. ಎರಡನೇ ಮಹಾಯುದ್ಧ ಮುಗಿದ ತಕ್ಷಣ ಒಂದು ವರ್ಷ ಆ ದೇಶದ ಪ್ರಧಾನಿಯೂ ಆಗಿದ್ದರು. ಪ್ರಧಾನಿ ಆಗಿದ್ದವರು ಆಮೇಲೆ ನಕ್ಷೆ ಶಾಲೆ ಕಟ್ಟುವುದು, ನಮ್ಮಲ್ಲಿ ಊಹಿಸಿಕೊಳ್ಳಿ ನೋಡೋಣ.

ಮೊದಲ ಟರ್ಮಿನಲ್ಲೇ ನನಗೆ ಸರಿಯಾಗಿ ಬಿತ್ತು. ಊರಾಚೆಯ ಹೊಲಗಳ ಏರಿಯಲ್ ಫೋಟೋ ಕೊಟ್ಟು, ಯಾವುದು ಏನು ಅಂತ ಗುರುತಿಸಿ ಅಂದರು. ಕಂಬ ಎಣಿಸಿದ ಕೈ, ನನಗೆ ಇದ್ಯಾವ ಲೆಕ್ಕ! ಬೇರೆಯವರಿಗಿಂತ ಎರಡು ದಿನ ಮೊದಲೇ ಮುಗಿಸಿದೆ. ಒಂದು ಹೊಲದ ಮೂಲೆಯಲ್ಲಿ ಕಪ್ಪು ಆಯತ ಇತ್ತು. ನಮ್ಮ ಕಡೆ ಹೊಲದಲ್ಲಿ ಕರಿ ಪ್ಲಾಸ್ಟಿಕ್ ಕಂಡರೆ ಏನರ್ಥ? ಕೃಷಿ ಹೊಂಡ. ನೀಲಿ ಬಣ್ಣ ತುಂಬಿ 'ನೀರು' ಅಂತ ಬರೆದೆ.

ಮೇಷ್ಟ್ರು ನೋಡಿದರು. ತಪ್ಪು ಅನ್ನಲಿಲ್ಲ. "ಇದು ಇಲ್ಲಿಂದ ಎಷ್ಟು ದೂರ?" ಅಂದರು. ನಾಲ್ಕು ಕಿಲೋಮೀಟರ್ ಅಂದೆ. "ಸೈಕಲ್ ಇದೆಯಲ್ಲ, ಹೋಗಿ ನೋಡಿ ಬಾ."

ಅವತ್ತು ಸಣ್ಣ ಜಡಿಮಳೆ, ಎದುರುಗಾಳಿ. ಮನಸ್ಸಿನಲ್ಲೇ ಬೈದುಕೊಂಡು ತುಳಿದೆ. ಹೋಗಿ ನೋಡಿದರೆ ಹೊಂಡ ಎಲ್ಲಿ ಬಂತು? ದನಗಳಿಗೆ ಕತ್ತರಿಸಿ ಗುಡ್ಡೆ ಹಾಕಿದ ಮುಸುಕಿನ ಜೋಳದ ಮೇವು. ಅದರ ಮೇಲೆ ಕರಿ ಪ್ಲಾಸ್ಟಿಕ್ ಹೊದಿಸಿ, ಹಾರದಿರಲಿ ಅಂತ ಹಳೇ ಟೈರುಗಳನ್ನು ಪೇರಿಸಿದ್ದರು. ಹುಳಿ ವಾಸನೆ ರಸ್ತೆಗೇ ಬಡಿಯುತ್ತಿತ್ತು. ಆಳಕ್ಕೆ ಇಳಿದಿದೆ ಅಂತ ನಾನು ಬರೆದದ್ದು ನನಗಿಂತ ಎತ್ತರಕ್ಕೆ ನಿಂತಿತ್ತು.

ವಾಪಸ್ ಬಂದು ಹೇಳಿದಾಗ ಮೇಷ್ಟ್ರಿಗೆ ಖುಷಿಯೋ ಖುಷಿ. ವರದಿಯಲ್ಲಿ ನಕ್ಷೆಗಿಂತ ಆ ತಪ್ಪಿಗೇ ಹೆಚ್ಚು ಜಾಗ ಕೊಡು ಅಂದರು. ಎಷ್ಟು ಜಾಗ ಪರೀಕ್ಷಿಸಿದೆ, ಅದರಲ್ಲಿ ಎಷ್ಟು ತಪ್ಪು, ಯಾವುದನ್ನು ಯಾವುದು ಅಂದುಕೊಂಡೆ, ಎಲ್ಲ ಪಟ್ಟಿ ಮಾಡಿಸಿದರು. ಬೆಂಗಳೂರಲ್ಲಿ ನಾನು ಮೂರು ವರ್ಷ ತಪ್ಪು ಮುಚ್ಚುವುದನ್ನು ಕಲಿತಿದ್ದೆ. ಇಲ್ಲಿ ತಪ್ಪು ತೋರಿಸಿದ್ದಕ್ಕೆ ಮಾರ್ಕ್ಸ್.

ನನ್ನ ಕೋಪ ಇರುವುದು ಇಲ್ಲೇ. ನಮ್ಮ ಹುಡುಗರಿಗೆ ಬುದ್ಧಿ ಕಡಿಮೆಯೇ? ಖಂಡಿತ ಇಲ್ಲ. ಇಂಟರ್ವ್ಯೂನಲ್ಲಿ ಅಕ್ಕನ ಮಗಳನ್ನು ಕೇಳಿದ್ದು ಟೂಲ್‌ಗಳ ಹೆಸರು ಮತ್ತು ಪೈಥಾನ್ ಎಷ್ಟು ಬರುತ್ತೆ ಅನ್ನುವುದು, ಅಷ್ಟೇ. ನಾನಾಗಿದ್ದರೆ ಹೀಗೆ ಕೇಳುತ್ತಿದ್ದೆ: ಬೆಂಗಳೂರು ಮತ್ತು ಕೋಲಾರ ಊರಿನ ನಕ್ಷೆಗಳು ಯುಟಿಎಂನಲ್ಲಿ ಯಾಕೆ ಒಂದರ ಪಕ್ಕ ಒಂದು ನೇರವಾಗಿ ಕೂರುವುದಿಲ್ಲ? ಯುಟಿಎಂ ಅಂದರೆ ಭೂಮಿಯನ್ನು ಉದ್ದುದ್ದ ವಲಯಗಳಾಗಿ ಸೀಳಿ, ಒಂದೊಂದಕ್ಕೂ ಬೇರೆ ಅಳತೆ ಲೆಕ್ಕ ಇಡುವ ಪದ್ಧತಿ. ಎರಡು ವಲಯಗಳ ಗಡಿಯಾದ 78 ಡಿಗ್ರಿ ರೇಖಾಂಶ ಈ ಎರಡು ಊರುಗಳ ಮಧ್ಯೆ ಹಾದುಹೋಗುತ್ತೆ. ಬೆಂಗಳೂರು 43ನೇ ವಲಯಕ್ಕೆ ಬಿತ್ತು, ಕೋಲಾರ 44ಕ್ಕೆ. ಬಸ್ಸಲ್ಲಿ ಎರಡು ಗಂಟೆ ದಾರಿ, ನಕ್ಷೆಯಲ್ಲಿ ಬೇರೆ ಪ್ರಪಂಚ. ಇದು ಯಾವ ಸಾಫ್ಟ್‌ವೇರ್ ಸರ್ಟಿಫಿಕೇಟ್‌ನಲ್ಲೂ ಬರುವುದಿಲ್ಲ. ಒಂದು ಸಲ ಸಿಕ್ಕಿಹಾಕಿಕೊಂಡು ಒದ್ದಾಡಿದವರಿಗೆ ಮಾತ್ರ ಗೊತ್ತು.

ಡೇಟಾ ವಿಷಯಕ್ಕೆ ಬಂದರಂತೂ ಹೊಟ್ಟೆ ಉರಿಯುತ್ತೆ. ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರತಿ ಕಟ್ಟಡದ ಆಕಾರ, ಕಟ್ಟಿದ ವರ್ಷ ಎಲ್ಲ ಪುಕ್ಕಟೆ ಸಿಗುತ್ತೆ. ವಿಮಾನದಿಂದ ಲೇಸರ್ ಬಿಟ್ಟು ಅಳೆದ ನೆಲದ ಎತ್ತರವೂ ಅಷ್ಟೇ. ನನ್ನ ಬಾಡಿಗೆ ಮನೆ 1936ರದ್ದು ಅಂತ ಮಾಲೀಕರನ್ನು ಕೇಳದೆಯೇ ಗೊತ್ತಾಯಿತು. ನಾನು ಡಿಗ್ರಿಯಲ್ಲಿದ್ದಾಗ ಬೆಂಗಳೂರಿನ 57ಎಚ್/9 ಟೋಪೋಶೀಟ್ (ಗುಡ್ಡ, ಕೆರೆ, ರಸ್ತೆ ತೋರಿಸುವ ಸರ್ಕಾರಿ ನಕ್ಷೆ) ಅಂತ ನನಗೆ ಸಿಕ್ಕಿದ್ದು ಜೆರಾಕ್ಸಿನ ಜೆರಾಕ್ಸು. ಕೆರೆ ಯಾವುದು, ಚಹಾದ ಕಲೆ ಯಾವುದು, ಗೊತ್ತಾಗುತ್ತಿರಲಿಲ್ಲ.

ಇಷ್ಟೆಲ್ಲ ಅವಳಿಗೆ ಉಪದೇಶ ಮಾಡಿದೆ. ಅವಳು ಕೇಳಿಸಿಕೊಂಡಳೋ, ಮೊಬೈಲ್ ನೋಡುತ್ತಿದ್ದಳೋ!

ಗುರುವಾರ ಮಾಗಡಿ ಹತ್ತಿರ ಭಾವನ ಜಮೀನಿನ ಹದ್ದುಬಸ್ತು, ಅಂದರೆ ಗಡಿ ಅಳತೆ, ಇತ್ತು. ಬಾ ಅಂದರು, ಹೋದೆ. ಅವಳೂ ಬಂದಳು. ಸರ್ವೇಯರ್ ಬಂದಿದ್ದು ಬೈಕಿನಲ್ಲಿ. ಬಗಲಲ್ಲಿ ಹಳೇ ಅಳತೆ ಟಿಪ್ಪಣಿಯ ನಕಲು, ಚೀಲದಲ್ಲಿ ಮೂವತ್ತಮೂರು ಅಡಿ ಚೈನು. ಚೈನಿಗೆ ಹದಿನಾರು ಆಣೆ, ಚೈನುದ್ದ ಚೈನಗಲ ಆದರೆ ಒಂದು ಗುಂಟೆ, ಅಂತಹ ನಲವತ್ತು ಸೇರಿದರೆ ಎಕರೆ. ಹುಡುಗಿಯ ಕೈಗೆ ಚೈನಿನ ಒಂದು ತುದಿ ಕೊಟ್ಟು "ಎಳ್ದು ಹಿಡ್ಕೊಳಮ್ಮಾ" ಅಂದರು.

ಅವಳು ಇನ್ನೊಂದು ಕೈಯಲ್ಲಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ತೆಗೆದಿದ್ದಳು. ಅದರಲ್ಲಿ ನಾವು ನಿಂತದ್ದು ಪಕ್ಕದ ಸರ್ವೆ ನಂಬರಿನಲ್ಲಿ. ಯಾವುದು ಸರಿ ಅಂತ ಕೇಳಿದಳು. "ಮೊಬೈಲು ಹೊಲದ ತನಕ ಕರ್ಕೊಂಡ್ ಬರತ್ತೆ ಕಣಮ್ಮಾ. ಆಮೇಲೆ ಕಲ್ಲು ಹೇಳ್ಬೇಕು," ಅಂದರು ಸರ್ವೇಯರ್. ಕಲ್ಲು ಕಾಣಲಿಲ್ಲ. ಪಕ್ಕದ ಹೊಲದ ಅಜ್ಜಿಯನ್ನು ಕರೆದು, "ಅಜ್ಜೀ, ಮೊದ್ಲು ಇಲ್ಲಿ ಏನಿತ್ತು?" ಅಂತ ಕೇಳಿದರು. ಹುಣಸೆಮರ ಇತ್ತು, ಕಡಿದರು ಅಂತ ಅಜ್ಜಿ ಕೋಲಲ್ಲಿ ತೋರಿಸಿತು. ಅಲ್ಲಿಂದ ಎರಡು ಚೈನು ಮೇಲೆ ಆರು ಆಣೆ ಅಳೆದು, ಲಂಟಾನ ಸವರಿ, ಹಾರೆ ಹಾಕಿದರೆ ಟಣ್ ಅಂತು. ಬಾಂದುಕಲ್ಲು.

ಎನ್‌ಸ್ಖೆಡೆಯಲ್ಲಿ ಎರಡು ವರ್ಷ, ಸಾಲ ಮಾಡಿ, ನಾನು ಕಲಿತದ್ದು ಇದನ್ನೇ ಅಲ್ವಾ? ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವಾಯಿತು. ಒಪ್ಪುವುದೇ ಆದರೆ ಇನ್ನೂ ಕೆಲವು ಇವೆ. 2021ರಲ್ಲಿ ಕೇಂದ್ರ ಸರ್ಕಾರ ನಕ್ಷೆ ಮಾಡುವ, ಹಂಚಿಕೊಳ್ಳುವ ನಿಯಮ ಸಡಿಲಿಸಿತು. ಉಪಗ್ರಹದ ಚಿತ್ರ ಓದುವುದನ್ನು ಕಲಿಸುವ ಡೆಹ್ರಾಡೂನ್‌ನ ಸರ್ಕಾರಿ ಸಂಸ್ಥೆ ಐಐಆರ್‌ಎಸ್, ಮನೆಯಲ್ಲೇ ಕೂತು ಕಲಿಯುವ ಪಾಠಗಳನ್ನು ಪುಕ್ಕಟೆ ಕೊಡುತ್ತದೆ. 1966ರಲ್ಲಿ ಅದು ಶುರುವಾದದ್ದೂ ನನ್ನ ಐಟಿಸಿಯ ಕೈ ಹಿಡಿದುಕೊಂಡೇ. ನಾನು ಒಂದು ತಿಂಗಳು ಕಣ್ಣು ಕೆಡಿಸಿಕೊಂಡು ಮಾಡುತ್ತಿದ್ದ ಕೆಲಸವನ್ನು ಇವಳು ನಲವತ್ತು ಸಾಲಿನ ಪೈಥಾನ್ ಬರೆದು ಕಾಫಿ ಕುಡಿಯುವಷ್ಟರಲ್ಲಿ ಮುಗಿಸುತ್ತಾಳೆ. ನಾನಾದರೋ, ಹೊರಗೆ ಹೋಗಿ ನೆಲ ನೋಡಿ ಎರಡು ವರ್ಷದ ಮೇಲಾಯಿತು. ಅಲ್ಲಿ ಡೇಟಾ ಅಷ್ಟು ಚೆನ್ನಾಗಿದೆ, ಹೀಟರ್ ಪಕ್ಕದ ಕುರ್ಚಿ ಬಿಟ್ಟು ಏಳುವ ಕೆಲಸವೇ ಬರುವುದಿಲ್ಲ.

ವಾಪಸ್ ಹೊರಟ ದಿನ ಏರ್‌ಪೋರ್ಟಿನಲ್ಲಿದ್ದಾಗ ಅವಳಿಂದ ಫೋಟೋ ಬಂತು. ಕೆರೆ ಏರಿ, ಈ ತುದಿಯಿಂದ ಆ ತುದಿಗೂ ಹಸಿರು ಕಳೆ, ಮಧ್ಯೆ ಒಂದು ಕೊಕ್ಕರೆ. ಕೆಳಗೆ ಬರೆದಿದ್ದಳು: "ಹೊಲ ಅಲ್ಲ ಮಾಮ. ವಾಸನೆ ಸೆಂಟಿನೆಲ್‌ನಲ್ಲಿ ಬರಲ್ಲ. ಸರಿ, ನಾನು ಹೋಗಿ ನೋಡಿದೆ. ನಿನ್ನ ಕರೆಂಟ್ ಕಂಬದ ಊರು ಯಾವ್ದು?"

ಎಷ್ಟು ಯೋಚಿಸಿದರೂ ಹೆಸರು ನೆನಪಾಗಲಿಲ್ಲ. ಶೀಟ್ ನಂಬರ್ ಮಾತ್ರ ಇನ್ನೂ ಬಾಯಲ್ಲಿದೆ, 4417.