ನೀರುಗಂಟಿಯ ಪಾಲು

"ಕುರುಡುಮಲೆ ಗಣಪ ಕಾಪಾಡಿದ ಬಿಡಪ್ಪ" ಅಂದರು ಅಮ್ಮ, ಮುಳಬಾಗಿಲಿನಿಂದ. ಆ ಮಾತು ನನಗೆ ಚುಚ್ಚಿತು. ನೆರೆಯಲ್ಲಿ ಸಿಕ್ಕಿಕೊಂಡಿದ್ದ ನಮ್ಮನ್ನು, ಮಗುವನ್ನು ದೋಣಿಗೆ ಹತ್ತಿಸಿಕೊಂಡವರು ಚೆನ್ನೈನ ಮೀನುಗಾರ ಹುಡುಗರು. ಅವರು ಯಾರು, ಏನು ಅಂತ ಅಮ್ಮ ಕೇಳಲೇ ಇಲ್ಲ.

ಅದು 2023ರ ಡಿಸೆಂಬರ್, ಮಿಚಾಂಗ್ ಚಂಡಮಾರುತ. ಚೆನ್ನೈಗೆ ನೇರವಾಗಿ ಬಡಿಯಲೂ ಇಲ್ಲ. 3 ಮತ್ತು 4ರಂದು ಕರಾವಳಿಯ ಪಕ್ಕದಲ್ಲೇ ನಿಧಾನವಾಗಿ ಸಾಗುತ್ತಾ ಮಳೆ ಸುರಿಸಿತು. 5ರಂದು ಆಂಧ್ರದ ಬಾಪಟ್ಲ ಹತ್ತಿರ ದಡ ಸೇರಿತು. ನಮ್ಮ ಮನೆ ಇರೋದು ಪಳ್ಳಿಕರಣೈ ಜೌಗಿನ ಅಂಚಿನಲ್ಲಿ. ಸುತ್ತಲ ಕೆರೆಗಳ ನೀರು ಇಳಿದು ಬರೋ ಜಾಗದಲ್ಲಿ ಈಗ ಬಡಾವಣೆಗಳಿವೆ. ಕರೆಂಟ್ ಇಲ್ಲ, ಫೋನ್ ಇಲ್ಲ, ಬೀದಿಯಲ್ಲಿ ಎದೆಮಟ್ಟ ನೀರು.

ನೀರು ಇಳಿದ ಮೇಲೆ ಬೇರೆ ಊರುಗಳಿಂದ ಪೌರಕಾರ್ಮಿಕರು ಬಂದರು. ನಮ್ಮ ಬೀದಿಯ ಹೆಂಗಸರು ತಮ್ಮ ಮನೆಯ ಕೆಸರು ಬಳಿಯುವ ಮೊದಲೇ ಅವರಿಗೆ ಅಡುಗೆ ಮಾಡಿದರು. ಪೊಂಗಲ್ ಬಂದಾಗ ದೋಣಿ ತಂದಿದ್ದ ಆ ಹುಡುಗರ ಕುಪ್ಪಂ, ಅಂದರೆ ಮೀನುಗಾರರ ಕೇರಿ, ಹುಡುಕಿಕೊಂಡು ಹೋಗಿ ವೇಷ್ಟಿ (ಪಂಚೆ), ಸೀರೆ ಕೊಟ್ಟು ಬಂದೆವು. ಈ ಚೆನ್ನೈ ಜನಕ್ಕೇನು ದೇವರಿಲ್ವಾ? ನಮಗಿಂತ ಜಾಸ್ತಿ ಭಕ್ತಿ ಇದೆ. ಆದರೆ ಕೈಹಿಡಿದ ಮನುಷ್ಯನನ್ನು ಮರೆಯಲ್ಲ.

ನಮ್ಮಲ್ಲಿ? 2021ರ ನವೆಂಬರ್‌ನಲ್ಲಿ ಕೋಲಾರದ ಕಡೆ ಮಳೆ ಹುಯ್ದು, ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಬಾಗಿನ ಬಿಟ್ಟೆವು, ಮರಿ ಕೊಯ್ದೆವು, ಫೋಟೋ ತೆಗೆಸಿಕೊಂಡೆವು. ರಾತ್ರಿಯೆಲ್ಲ ಏರಿಗೆ ಮರಳು ಮೂಟೆ ಹೊತ್ತವರನ್ನು ಯಾರಾದರೂ ಕರೆದು ಕೂರಿಸಿದರಾ? ಮಳೆಯಲ್ಲೇ ಕಂಬ ಹತ್ತಿದ ಲೈನ್‌ಮನ್‌ಗೆ ಸಿಕ್ಕಿದ್ದು "ಇಷ್ಟೊತ್ತು ಏನ್ ಮಾಡ್ತಿದ್ದೆ" ಅನ್ನೋ ಮಾತು. ಇದು ನನಗೆ ನಿಜವಾಗಲೂ ನೋವು ಕೊಡುತ್ತದೆ.

ಹಾಗಂತ ನಮ್ಮವರಿಗೆ ಇದು ಮೊದಲಿನಿಂದಲೂ ಗೊತ್ತಿರಲಿಲ್ಲ ಅನ್ನಲಾರೆ. ಕೆರೆಯ ತೂಬು ಎತ್ತಿ ಗದ್ದೆಗದ್ದೆಗೂ ನೀರು ಹಂಚುತ್ತಿದ್ದ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಲ್ಲೇ ಪಾಲು ಅಳೆಯುತ್ತಿದ್ದರು. ಕಾಳು ಮನೆಗೆ ಹೋಗುವ ಮೊದಲೇ. ತಾತ ಅಳೆದದ್ದನ್ನು ನಾನೇ ನೋಡಿದ್ದೇನೆ. ಕೆರೆಗಳು ಬತ್ತಿ, ಬೋರ್‌ವೆಲ್ ಬಂದ ಮೇಲೆ ನೀರುಗಂಟಿಯೂ ಹೋದ, ಆ ಪಾಲೂ ನಿಂತಿತು. ಇವತ್ತು ಊರಿಗೆ ನೀರು ಬಿಡೋ ವಾಟರ್‌ಮನ್‌ಗೆ ಸುಗ್ಗಿಯಲ್ಲಿ ಒಂದು ಮೊರ ರಾಗಿ ಕೊಟ್ಟವರನ್ನು ನಾನು ಕಂಡಿಲ್ಲ.